ಎಡಗಾಲಿನ ಹೆಬ್ಬೆರಳು

ಬೌಲ್ಡರಿಂಗ್ ಫೋಟೋಗಳ ದೊಡ್ಡ ತೊಂದರೆ ಬೆನ್ನು. ಗೋಡೆಗೆ ಮುಖ ಮಾಡಿ ಹತ್ತುವವರನ್ನು ನೆಲದ ಮೇಲೆ ನಿಂತು ತೆಗೆದರೆ ಸಿಗುವುದು ಬೆನ್ನು, ಮತ್ತು ಬೆನ್ನಿಗಿಂತ ಕೆಳಗಿನದು. ಸ್ಪರ್ಧೆ ಮುಗಿದ ಮೇಲೆ ಅಂಥ ಇನ್ನೂರು ಫೋಟೋ ಕಳಿಸಿದರೆ ಯಾರೂ ಥ್ಯಾಂಕ್ಸ್ ಅನ್ನುವುದಿಲ್ಲ. ಗುಳೇದಗುಡ್ಡದಿಂದ ಪುಣೆಗೆ ಬಂದು ಹನ್ನೊಂದು ವರ್ಷವಾದ ಅವಳು ಇದನ್ನು ಮೊದಲ ಸ್ಪರ್ಧೆಯಲ್ಲೇ ಕಲಿತಳು. ಈಗ ನಾಲ್ಕನೆಯದು. ಗೋಡೆ ತಿರುಗುವ ಮೂಲೆಯಲ್ಲಿ ಕೂರಬೇಕು, ಸಾಧ್ಯವಾದರೆ ಏಣಿ ಹತ್ತಬೇಕು, ಮುಂದಿನ ಹಿಡಿತ ಎಲ್ಲಿದೆ ಎಂದು ಹತ್ತುವವರು ಕತ್ತು ಹೊರಳಿಸುವ ಅರೆಕ್ಷಣಕ್ಕೆ ಕಾಯಬೇಕು. ಫ್ಲ್ಯಾಶ್ ಹೊಡೆಯುವಂತಿಲ್ಲ. ಕೈ ಗಾಳಿಯಲ್ಲಿರುವಾಗ ಕಣ್ಣು ಕುಕ್ಕಿದರೆ ಆಳು ಕೆಳಗೆ. ಎಲ್‌ಇಡಿ ದೀಪಗಳು ಕಣ್ಣಿಗೆ ಕಾಣದಂತೆ ಮಿಣುಕುವುದರಿಂದ ಶಟರ್ ವೇಗ ಸ್ವಲ್ಪ ತಪ್ಪಿದರೂ ಚಿತ್ರದ ಅಡ್ಡಕ್ಕೆ ಕಪ್ಪು ಪಟ್ಟೆ ಬೀಳುತ್ತದೆ. ಇಷ್ಟರ ಮೇಲೆ ಚಾಕ್. ಅದು ಶಾಲೆಯ ಸೀಮೆಸುಣ್ಣವಲ್ಲ, ಬೆವರು ಹೀರಲು ಕೈಗೆ ಹಚ್ಚುವ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಸಂಜೆಯ ಹೊತ್ತಿಗೆ ಲೆನ್ಸು, ಹುಬ್ಬು, ಚಹಾದ ಲೋಟ, ಎಲ್ಲದರ ಮೇಲೂ ಅದೇ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಹಗ್ಗವಿಲ್ಲ, ಸೊಂಟಪಟ್ಟಿಯಿಲ್ಲ. ಬಂಡೆಯಾದರೂ ಕಟ್ಟಿದ ಗೋಡೆಯಾದರೂ ಎತ್ತರ ನಾಲ್ಕು, ನಾಲ್ಕೂವರೆ ಮೀಟರು, ಕೆಳಗೆ ದಪ್ಪ ಹಾಸು. ಎತ್ತರ ಕಡಿಮೆ, ಕಷ್ಟ ಹೆಚ್ಚು. ಹತ್ತುವ ಒಂದೊಂದು ದಾರಿಗೂ ಪ್ರಾಬ್ಲಂ ಎಂದು ಹೆಸರು. ಅವಳು ಒಮ್ಮೆ ಊರಿಗೆ ಫೋನ್ ಮಾಡಿ "ಮೂರು ತಿಂಗಳಿಂದ ಒಂದ ಪ್ರಾಬ್ಲಂ ಹಿಂದ ಬಿದ್ದೀನಿ, ಮುಗೀವಲ್ದು" ಅಂದಾಗ ಅವ್ವ ಗಾಬರಿಯಾಗಿ ಅಣ್ಣನಿಗೆ ರೊಕ್ಕ ಕಳಿಸಲು ಹೇಳಿದ್ದರು. ಟೋಕಿಯೊದಲ್ಲಿ ಕೋವಿಡ್‌ನಿಂದ ಒಂದು ವರ್ಷ ತಡವಾಗಿ 2021ರಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಕ್ಲೈಂಬಿಂಗ್ ಮೊದಲ ಸಲ ಕಾಣಿಸಿಕೊಂಡಿತು. ಮುಂಬೈ ಕಡೆಯವರು ಅದಕ್ಕೂ ಮೊದಲೇ ದೊಡ್ಡ ಆಟ ನೋಡಿದ್ದಾರೆ. ಗಿರಿವಿಹಾರ ಎಂಬ ಅಲ್ಲಿನ ಹಳೆಯ ಪರ್ವತಾರೋಹಿ ಸಂಸ್ಥೆ 2016 ಮತ್ತು 2017ರಲ್ಲಿ ನವಿ ಮುಂಬೈಗೆ ಬೌಲ್ಡರಿಂಗ್ ವಿಶ್ವಕಪ್ಪನ್ನೇ ತಂದಿತ್ತು.

ಇದು ಅಷ್ಟು ದೊಡ್ಡದಲ್ಲ. ಪುಣೆಯ ಹೊರವಲಯದಲ್ಲಿ, ಮೊದಲು ಗೋದಾಮಾಗಿದ್ದ ಒಂದು ತಗಡಿನ ಶೆಡ್ಡು. ಒಳಗೆ ಪ್ಲೈವುಡ್ ಗೋಡೆಗಳು, ಗೋಡೆಗೆ ಬೋಲ್ಟಿನಿಂದ ಬಿಗಿದ ಬಣ್ಣಬಣ್ಣದ ಹೋಲ್ಡುಗಳು. ಶನಿವಾರ ಅರ್ಹತಾ ಸುತ್ತು, ಭಾನುವಾರ ಫೈನಲ್. ದಿಲ್ಲಿ, ಬೆಂಗಳೂರು, ಮಣಿಪುರದಿಂದೆಲ್ಲ ಹುಡುಗ ಹುಡುಗಿಯರು ಬಂದಿದ್ದರು. ದುಡ್ಡಿಲ್ಲದವರಿಗೆ ರಾತ್ರಿ ಅದೇ ಶೆಡ್ಡಿನ ಹಾಸಿನ ಮೇಲೆ ಮಲಗಲು ಜಾಗ. ಫೋಟೋ ತೆಗೆಯುವುದಕ್ಕೆ ಅವಳಿಗೆ ಸಿಗುವ ಸಂಬಳ ಒಂದು ಟಿ ಶರ್ಟು, ಎರಡು ಹೊತ್ತಿನ ಊಟ.

ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಕಿತ್ತಳೆ ಬಣ್ಣದ ಪ್ರಾಬ್ಲಂನಿಂದ ಒಬ್ಬ ಹುಡುಗ ದಬ್ಬನೆ ಬಿದ್ದ. ಬಿದ್ದವನ ಬಾಯಿಂದ "ಇದರವ್ವನ!" ಅಂತ ಬಂತು. ಅವಳು ಕ್ಯಾಮೆರಾ ಕೆಳಗಿಳಿಸಿ ಆ ಕಡೆ ತಿರುಗಿದಳು. ಹೊರನಾಡಿನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೈಲಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಒಂದು "ಹೌದ್ರಿ" ಬಿದ್ದರೆ ಸಾಕು, ಕಿವಿ ತಾನಾಗಿ ಹೊರಳುತ್ತದೆ.

ಆನೆಗೊಂದಿ ಕಡೆಯ ಹುಡುಗ, ಹತ್ತೊಂಬತ್ತು ವರ್ಷ. ಅಣ್ಣ ತುಂಗಭದ್ರೆಯ ಆಚೆ ದಂಡೆಯ ವಿರೂಪಾಪುರ ಗಡ್ಡೆಯಲ್ಲಿ ಒಂದು ಗೆಸ್ಟ್‌ಹೌಸಿನಲ್ಲಿ ಕೆಲಸಕ್ಕಿದ್ದ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇರೆಗೆ ಅಲ್ಲಿನ ಕಟ್ಟಡಗಳು ನೆಲಸಮವಾದವು. ಅದಾದ ಮೇಲೆ ಅಣ್ಣ ಗಂಗಾವತಿಯ ಅಕ್ಕಿ ಗಿರಣಿ ಸೇರಿದ, ತಮ್ಮ ಸಾಣಾಪುರದ ಸುತ್ತ ಬಂಡೆ ಹತ್ತಲು ಬರುವ ವಿದೇಶಿಯರ ಹಾಸು ಹೊರುತ್ತ ಬೆಳೆದ. ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಗುಂಡುಗಳನ್ನು ಹತ್ತಿದ ಚಿತ್ರ ಬಂದಮೇಲೆ ಜಗತ್ತಿನ ಬೌಲ್ಡರಿಂಗ್ ಮಂದಿಗೆ ಅದೊಂದು ಯಾತ್ರೆಯ ಜಾಗ. ಹಾಗಾಗಿ ಹುಡುಗನಿಗೆ ಹುರುಪು ತುಂಬುವ ಮಾತುಗಳು ನಾಲ್ಕು ಭಾಷೆಯಲ್ಲಿ ಬರುತ್ತವೆ. ಫ್ರೆಂಚರಿಂದ "ಅಲೇ", ಜಪಾನಿನವರಿಂದ "ಗಂಬಾ", ಇಸ್ರೇಲಿಗಳಿಂದ "ಯಲ್ಲಾ". ಕನ್ನಡದಲ್ಲಿ ಏನು ಅಂತ ಕೇಳಿದರೆ ನಕ್ಕ. "ಕನ್ನಡದಾಗ ಯಾರು ಕೂಗ್ತಾರ್ರಿ ಅಕ್ಕಾ? ನಮ್ಮವ್ವ ನೋಡಿದ್ರ ಇಳಿಯೋ ಅಂತಾಳ."

ಪ್ಲಾಸ್ಟಿಕ್ ಗೋಡೆ ಅವನಿಗೆ ಹೊಸದು. "ಕಲ್ಲಿನ ಮ್ಯಾಲೆ ಎಲ್ಲಿ ಬೇಕಾದ್ರೂ ಕಾಲಿಡಬಹುದ್ರಿ. ಇಲ್ಲಿ ಬಣ್ಣ ನೋಡಿ ಇಡಬೇಕಂತ!" ಅವನ ಗೋಳು ನಿಜವೇ. ಒಂದೇ ಗೋಡೆಯ ಮೇಲೆ ನಾಲ್ಕೈದು ಬಣ್ಣದ ದಾರಿಗಳು ಒಂದರೊಳಗೊಂದು ಹೆಣೆದಿರುತ್ತವೆ. ಕಿತ್ತಳೆ ಹತ್ತುವವರು ಕಿತ್ತಳೆ ಹೋಲ್ಡುಗಳನ್ನೇ ಮುಟ್ಟಬೇಕು, ಕೈಗೂ ಅದೇ, ಕಾಲಿಗೂ ಅದೇ. ಪಕ್ಕದ ಹಸಿರಿನ ಮೇಲೆ ಕಾಲು ಊರಿದರೆ ಆ ಪ್ರಯತ್ನ ಲೆಕ್ಕಕ್ಕಿಲ್ಲ. ಗ್ರಾನೈಟ್ ಗುಂಡುಗಳ ಮೇಲೆ ಗೀರು, ಉಬ್ಬು, ಒರಟು ಎಲ್ಲವನ್ನೂ ಪಾದದಿಂದ ತಡವಿ ಕಲಿತವನಿಗೆ ಇದು ಯಾರದೋ ಮನೆಯಲ್ಲಿ ಕೇಳಿ ಕೇಳಿ ಓಡಾಡಿದ ಹಾಗೆ.

ಅವಳ ಕಥೆ ಇದರ ಉಲ್ಟಾ. ಬಾದಾಮಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರು ದೂರದಲ್ಲಿ ಹುಟ್ಟಿ, ಶಾಲೆಯ ಟ್ರಿಪ್ಪಿನಲ್ಲಿ ನಾಲ್ಕು ಸಲ ಗುಹೆ ನೋಡಿ, ಆ ಕೆಂಪು ಮರಳುಗಲ್ಲನ್ನು ಹತ್ತಬಹುದು ಎಂದು ಒಮ್ಮೆಯೂ ಅನ್ನಿಸದೆ ಊರು ಬಿಟ್ಟವಳು. ಮೊದಲು ಹತ್ತಿದ್ದು ಪುಣೆಯ ಪ್ಲಾಸ್ಟಿಕ್ಕು. ಆಮೇಲೆ ಪುಣೆಯ ಗೆಳೆಯರೇ ಅವಳನ್ನು ಗದಗ ರೈಲಿನಲ್ಲಿ ಕೂರಿಸಿಕೊಂಡು, ಅವಳ ಊರನ್ನು ಅವಳಿಗೇ ತೋರಿಸುವವರ ಹಾಗೆ ಬಾದಾಮಿಗೆ ಕರೆದೊಯ್ದರು. ದೇಶದ ಅತಿ ಕಷ್ಟದ ದಾರಿಗಳಲ್ಲೊಂದು ಅಲ್ಲೇ ಇದೆ, ಗಣೇಶ ಎಂದು ಅದರ ಹೆಸರು. ಪುಣೆಯ ತುಹಿನ್ ಸಾತಾರ್ಕರ್ ಅದನ್ನು ಹತ್ತಿದ ಸುದ್ದಿ ಪುಣೆಯ ಹುಡುಗರ ಬಾಯಲ್ಲಿ ಇಂದಿಗೂ ಹಳತಾಗಿಲ್ಲ.

ಹಾಗೆ ಕರೆದೊಯ್ದವರಲ್ಲಿ ಒಬ್ಬ ಈ ಸ್ಪರ್ಧೆಯಲ್ಲೂ ಇದ್ದ. ಮೂವತ್ತೊಂದು ವರ್ಷ, ಕೋಚಿಂಗ್ ಕ್ಲಾಸಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾನೆ. ಆರು ವರ್ಷದಿಂದ ಅವಳ ಜೊತೆಗಾರ. ಬಾದಾಮಿಯಲ್ಲಿ ಅವಳು ಮೊದಲ ಸಲ ಏಳು ಮೀಟರು ಬಿದ್ದಾಗ ಹಗ್ಗದ ಈ ತುದಿಯಲ್ಲಿದ್ದವನು ಅವನು. ಅವನ ಅಂಗೈಗೆ ಹಗ್ಗ ಉಜ್ಜಿದ ಗುರುತು ಇನ್ನೂ ಇದೆ. ಮೂರು ವರ್ಷದಿಂದ ಅವನು ಫೈನಲ್ಲಿನ ಬಾಗಿಲಲ್ಲೇ ನಿಲ್ಲುತ್ತಿದ್ದ. ಈ ಆಟದಲ್ಲಿ ಮೂವತ್ತೊಂದು ಅಂದರೆ ಮುದುಕ. ಹದಿನಾರರ ಹುಡುಗರು ಬಂದು, ಶಾಲೆಯ ಹೋಂವರ್ಕ್ ಮುಗಿಸಿದ ಮುಖದಲ್ಲಿ ಎಲ್ಲ ಹತ್ತಿ ಹೋಗಿಬಿಡುತ್ತಾರೆ.

ಅರ್ಹತಾ ಸುತ್ತಿನ ಮೂರು ಗಂಟೆ ಎಲ್ಲರೂ ಒಟ್ಟಿಗೆ ಹತ್ತುತ್ತಾರೆ. ಕೈಯಲ್ಲಿ ಒಂದು ಕಾರ್ಡು, ಒಂದೊಂದು ಪ್ರಾಬ್ಲಂಗೂ ಒಬ್ಬೊಬ್ಬ ಜಡ್ಜ್. ತುದಿಯ ಹೋಲ್ಡನ್ನು ಎರಡೂ ಕೈಯಲ್ಲಿ ಹಿಡಿದು ನಿಂತರೆ ಟಾಪ್, ನಡುವಿನ ಗುರುತಿನವರೆಗೆ ಹೋದರೆ ಜೋನ್, ಎರಡೂ ಸಮವಾದರೆ ಯಾರು ಕಡಿಮೆ ಪ್ರಯತ್ನದಲ್ಲಿ ಮುಗಿಸಿದರು ಎಂಬ ಲೆಕ್ಕ. ಈ ಹೊತ್ತಿನಲ್ಲಿ ಹೊರಗಿನವರಿಗೆ ಆಶ್ಚರ್ಯ ಹುಟ್ಟಿಸುವುದು ಸ್ಪರ್ಧಿಗಳ ನಡತೆ. ಒಬ್ಬ ಬಿದ್ದರೆ ಅವನ ಎದುರಾಳಿಯೇ ಬಂದು, ಕೈ ಗಾಳಿಯಲ್ಲಿ ಆಡಿಸಿ, ಎಡಮಂಡಿ ಒಳಗೆ ತಿರುಗಿಸು, ಆಮೇಲೆ ಎಳೆ ಎಂದು ಹೇಳಿಕೊಡುತ್ತಾನೆ. ಇಂಥ ಸುಳಿವಿಗೆ ಬೀಟಾ ಎನ್ನುತ್ತಾರೆ. ಹಳೆಯ ಬೀಟಾಮ್ಯಾಕ್ಸ್ ಟೇಪಿನಿಂದ ಬಂದ ಮಾತಂತೆ. ಹಿಂದಿ ಬಲ್ಲವರ ನಡುವೆ ಮಾತ್ರ ಇದು ಎಂದೂ ಮುಗಿಯದ ತಮಾಷೆ: "ಬೇಟಾ, ಬೀಟಾ ಬೇಕಾ?" ಹಾಗೆಂದು ಇವರೆಲ್ಲ ಸಂತರೆಂದು ತಿಳಿಯಬೇಕಿಲ್ಲ. ಒಬ್ಬರಿಂದೊಬ್ಬರು ಕಲಿಯದೆ ಮೂರು ಗಂಟೆಯಲ್ಲಿ ಯಾರ ಕೈಯಲ್ಲೂ ಏನೂ ಆಗುವುದಿಲ್ಲ, ಅದೂ ಒಂದು ಕಾರಣ.

ಕಿತ್ತಳೆಯ ಬೀಟಾವನ್ನು ಆನೆಗೊಂದಿಯ ಹುಡುಗನಿಗೆ ಹೇಳಿಕೊಟ್ಟದ್ದು ಭೌತಶಾಸ್ತ್ರದ ಮೇಷ್ಟ್ರು. ಹುಡುಗನ ಹಿಂದಿ ಅಷ್ಟಕ್ಕಷ್ಟೇ, ಹಾಗಾಗಿ ಅವಳು ನಡುವೆ ನಿಂತು ಕನ್ನಡಕ್ಕೆ ತಂದಳು. ಮುಂದಿನ ಪ್ರಯತ್ನಕ್ಕೇ ಹುಡುಗ ಟಾಪ್ ಮುಟ್ಟಿದ. ಮೇಷ್ಟ್ರು ತಾನೂ ಹತ್ತಿದ, ಮೊದಲ ಪ್ರಯತ್ನದಲ್ಲೇ. ಅವಳು ಎಡಮೂಲೆಯಲ್ಲಿ ಕೂತು ಬಟನ್ ಒತ್ತಿ ಹಿಡಿದಿದ್ದಳು.

ಸಂಜೆ ಏಳಕ್ಕೆ ಪಟ್ಟಿ ಹಚ್ಚಿದರು. ಫೈನಲ್ಲಿಗೆ ಆರು ಜನ. ಆರನೆಯವನು ಮೇಷ್ಟ್ರು, ಏಳನೆಯವನು ಹುಡುಗ. ಇಬ್ಬರಿಗೂ ಐದೈದು ಟಾಪ್, ಒಂದೇ ಒಂದು ಪ್ರಯತ್ನದ ವ್ಯತ್ಯಾಸ. ಮೇಷ್ಟ್ರು ಗೋಡೆಗೆ ಹಣೆ ಹಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನಿಂತ. ಹುಡುಗ ಹೋಗಿ ಅವನ ಕೈ ಕುಲುಕಿದ. ತಕರಾರು ಇದ್ದವರು ಬರೆದುಕೊಡಬಹುದಾದ ಹೊತ್ತು ಕಳೆಯಿತು, ಯಾರೂ ಬರಲಿಲ್ಲ. ಹಾಸಿನ ಮೇಲೆ ವಡಾಪಾವ್ ಹಂಚಿಕೆಯಾಯಿತು. ಮಣಿಪುರದ ಹುಡುಗಿಯೊಬ್ಬಳು ಎಲ್ಲರ ಬೆರಳು ತುದಿಯ ಸೀಳಿಗೆ ಸೂಪರ್ ಗ್ಲೂ ಹಚ್ಚುತ್ತ ಕೂತಳು. ಕೇಳಿದವರಿಗೆ ಮೈ ಜುಮ್ಮೆನ್ನಬಹುದು, ಇವರಿಗೆ ಅದು ರಾತ್ರಿಯ ಊಟದಷ್ಟೇ ಸಹಜ.

ಮನೆಗೆ ಬಂದು ಅವಳು ಫೋಟೋ ಆರಿಸಲು ಕೂತಾಗ ಹನ್ನೊಂದು ದಾಟಿತ್ತು. ಸಾವಿರದ ಮೇಲೆ ಫ್ರೇಮುಗಳು. ಕಿತ್ತಳೆಯ ಸಾಲು ಬಂತು. ಮೇಷ್ಟ್ರ ಮುಖ ಚೆನ್ನಾಗಿ ಬಿದ್ದಿದೆಯೇ ಎಂದು ದೊಡ್ಡದು ಮಾಡಿದಳು. ಬಿದ್ದಿತ್ತು, ಹಲ್ಲು ಕಚ್ಚಿದ ಒಳ್ಳೆಯ ಮುಖ. ಫ್ರೇಮು ಕೆಳಗೆ ಸರಿಸಿದಾಗ ಎಡಗಾಲು ಕಂಡಿತು. ಹೆಬ್ಬೆರಳು ಹಸಿರು ಹೋಲ್ಡಿನ ಮೇಲಿತ್ತು.

ಹಿಂದಿನ ಫ್ರೇಮಿನಲ್ಲೂ ಇತ್ತು, ಮುಂದಿನದರಲ್ಲೂ. ಒಟ್ಟು ಮೂರು. ಅವಳ ಕ್ಯಾಮೆರಾ ಸೆಕೆಂಡಿಗೆ ಎಂಟು ಫ್ರೇಮು ತೆಗೆಯುತ್ತದೆ, ಅಂದರೆ ಅರ್ಧ ಸೆಕೆಂಡೂ ಇಲ್ಲ. ಬೂಟು ತಗುಲಿಕೊಂಡು ಹೋಗಿರಬಹುದು ಎಂದುಕೊಂಡು ಇನ್ನೂ ದೊಡ್ಡದು ಮಾಡಿದಳು. ನಡುವಿನ ಫ್ರೇಮಿನಲ್ಲಿ ಬೂಟಿನ ತುದಿಯ ರಬ್ಬರು ಮಡಚಿತ್ತು. ಭಾರ ಬೀಳದೆ ರಬ್ಬರು ಮಡಚುವುದಿಲ್ಲ. ಜಡ್ಜ್ ನಿಂತಿದ್ದದ್ದು ಬಲಗಡೆ, ಆ ಕಾಲು ಅವನದೇ ಮೈಯ ಮರೆಯಲ್ಲಿತ್ತು. ಎಡಮೂಲೆಯಿಂದ ನೋಡಿದ್ದು ಲೆನ್ಸು ಮಾತ್ರ.

ಆ ಟಾಪ್ ಹೋದರೆ ಅವನಿಗೆ ನಾಲ್ಕು. ನಾಲ್ಕಾದರೆ ಆರನೆಯ ಜಾಗ ಹುಡುಗನದು.

ಅಳಿಸುವ ಬಟನ್ ದೂರವೇನಿರಲಿಲ್ಲ. ಅವಳು ರಾತ್ರಿ ಎರಡರವರೆಗೆ ಕೂತಿದ್ದಳು ಎಂಬುದಷ್ಟೇ ಗೊತ್ತು. ಬೆಳಿಗ್ಗೆ ಏಳಕ್ಕೆ ಅವನ ಮನೆಯ ಹತ್ತಿರದ ಅಮೃತತುಲ್ಯ ಚಹಾದಂಗಡಿಗೆ ಬಾ ಎಂದು ಮೆಸೇಜು ಹಾಕಿದಳು. ಅವರಿಬ್ಬರ ನಡುವಿನ ಭಾಷೆ ಮರಾಠಿ. ಅವಳು ಮಾತಾಡದೆ ಲ್ಯಾಪ್‌ಟಾಪ್ ತಿರುಗಿಸಿದಳು.

ಅವನು ಬಹಳ ಹೊತ್ತು ನೋಡಿದ. "ಕಾಲಿಗೆ ಏನೋ ಸಿಕ್ಕ ಹಾಗಾಯಿತು. ಕಿತ್ತಳೆದೇ ಅಂದುಕೊಂಡೆ."

ಅವಳು ಸುಮ್ಮನಿದ್ದಳು.

"ಏಳನೆಯವನು ದಿಲ್ಲಿಯವನಾಗಿದ್ದರೆ ಇದನ್ನು ನನಗೆ ತೋರಿಸುತ್ತಿದ್ದೆಯಾ?"

ಇದಕ್ಕೂ ಅವಳು ಏನೂ ಹೇಳಲಿಲ್ಲ. ಹೇಳಲು ಇರಲಿಲ್ಲ ಅಂತಲ್ಲ. ರಾತ್ರಿ ಎರಡರವರೆಗೆ ಅವಳು ತಾನೇ ಕೇಳಿಕೊಂಡಿದ್ದ ಪ್ರಶ್ನೆ ಅದು. ಆಟದ ನಿಯಮ, ನ್ಯಾಯ ಎಂದೆಲ್ಲ ವಾದ ಜೋಡಿಸಿಕೊಂಡಾಗಲೂ ಅದರ ಹಿಂದೆ "ಅಕ್ಕಾ" ಎಂಬ ದನಿ ಇತ್ತು. ಅದಿಲ್ಲದೆ ಹೋಗಿದ್ದರೆ ಮೂರು ಫ್ರೇಮು ಅಳಿಸಿ ಮಲಗುತ್ತಿದ್ದಳೇ? ಹಗ್ಗ ಹಿಡಿದವನಿಗಿಂತ ಮೊನ್ನೆ ಸಿಕ್ಕ ಹುಡುಗ ಹೆಚ್ಚಾದನೇ? ಅಳಿಸಿದ್ದರೆ ಅದು ಸ್ನೇಹವಾಗುತ್ತಿತ್ತು, ಆಗ ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಅವನ ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಅವಳಿಗೆ ನೋವಾದದ್ದೂ ಅದಕ್ಕೇ.

ಅವನು ಚಹಾ ಮುಗಿಸಿ ಎದ್ದು ಹೋದ. ಲೋಟದ ದುಡ್ಡು ಅವಳು ಕೊಟ್ಟಳು.

ಶೆಡ್ಡಿನಲ್ಲಿ ಏನಾಯಿತೆಂಬುದು ಆಮೇಲೆ ತಿಳಿಯಿತು. ಅವನು ನೇರವಾಗಿ ಮುಖ್ಯ ಜಡ್ಜ್ ಬಳಿ ಹೋಗಿದ್ದ. ಆಕೆ ಖಡಕ್ ಹೆಂಗಸು. ಪಟ್ಟಿಗೆ ಸಹಿಯಾಗಿದೆ, ತಕರಾರಿನ ಹೊತ್ತು ಮುಗಿದಿದೆ, ಯಾರೋ ತೆಗೆದ ಫೋಟೋ ನಮಗೆ ಸಾಕ್ಷಿಯಲ್ಲ, ಅದನ್ನು ನನಗೆ ತೋರಿಸಲೂ ಬೇಡ ಅಂದರು. ನಿಯಮದ ಪ್ರಕಾರ ಅವನ ಜಾಗ ಅವನದೇ. ಅಲ್ಲಿಗೆ ಮುಗಿಸಬಹುದಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಅವನು ಹಿಂದೆ ಸರಿಯುತ್ತೇನೆ ಅಂದ. ಸರಿಯುವುದಕ್ಕೆ ಕಾರಣ ಬರೆಯಬೇಕು. "ಬೆರಳಿಗೆ ಪೆಟ್ಟು" ಎಂದು ಬರೆದುಕೊಟ್ಟ.

ಹತ್ತುವವರಲ್ಲಿ ಇದಕ್ಕಿಂತ ನಂಬಿಕೆ ಹುಟ್ಟಿಸುವ ಸುಳ್ಳಿಲ್ಲ. ಬೆರಳಿನ ಸ್ನಾಯುರಜ್ಜುವನ್ನು ಮೂಳೆಗೆ ಒತ್ತಿ ಹಿಡಿಯುವ ಸಣ್ಣ ಪಟ್ಟಿಗಳಿರುತ್ತವೆ, ಪುಲ್ಲಿ ಅನ್ನುತ್ತಾರೆ. ಚಿಕ್ಕ ಅಂಚಿನ ಮೇಲೆ ಇಡೀ ಮೈ ಭಾರ ತೂಗುವಾಗ ಉಂಗುರ ಬೆರಳಿನದು ಟಪ್ಪೆಂದು ಹರಿಯುತ್ತದೆ, ಮತ್ತೆ ತಿಂಗಳುಗಟ್ಟಲೆ ಹತ್ತುವಂತಿಲ್ಲ. ಸುದ್ದಿ ಕೇಳಿ ಎಲ್ಲರೂ ಬಂದು ಬೆನ್ನು ತಟ್ಟಿದರು. ಸುಳ್ಳು ನಿಲ್ಲಬೇಕಲ್ಲ, ಅವನು ದಿನವಿಡೀ ಆ ಬೆರಳಿಗೆ ಬಿಳಿ ಟೇಪು ಸುತ್ತಿಕೊಂಡೇ ಓಡಾಡಿದ.

ಹುಡುಗನನ್ನು ಕರೆದದ್ದು ಮಧ್ಯಾಹ್ನ, ಅವನು ಅನ್ನ ಕಲಸುವಾಗ. ಕೈ ತೊಳೆದು ಹಾಗೇ ಓಡಿದ. ಫೈನಲ್ಲಿನವರನ್ನು ಮೊದಲೇ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಯಾರೂ ಇನ್ನೊಬ್ಬರು ಹತ್ತುವುದನ್ನು ನೋಡುವಂತಿಲ್ಲ, ಫೋನಿಲ್ಲ. ನಿನ್ನೆಯ ಬೀಟಾ ಹಂಚಿಕೆ ಇಲ್ಲಿ ಬಂದ್. ನಾಲ್ಕು ಹೊಸ ಪ್ರಾಬ್ಲಂ, ಒಂದೊಂದಕ್ಕೂ ನಾಲ್ಕು ನಿಮಿಷ.

ಮೊದಲನೆಯದು ಸ್ಲ್ಯಾಬ್. ಹಿಂದಕ್ಕೆ ವಾಲಿದ ಗೋಡೆ, ಕೈಗೆ ಹೆಚ್ಚೇನೂ ಇಲ್ಲ, ಪಾದವನ್ನು ನಂಬಿ ನಿಲ್ಲಬೇಕು. ಇದು ಸಾಣಾಪುರದ ಪಾಠ. ಹುಡುಗ ಗೋಡೆಗೆ ಕೆನ್ನೆ ಹಚ್ಚಿ, ಏನೂ ಇಲ್ಲದ ಜಾಗದಲ್ಲಿ ಏನೋ ಇದೆ ಎಂಬಂತೆ ನಿಧಾನವಾಗಿ ಭಾರ ಹಾಕುತ್ತ ಮೇಲೆ ಹೋದ. ಆರು ಜನರಲ್ಲಿ ಅದನ್ನು ಮೊದಲ ಪ್ರಯತ್ನಕ್ಕೆ ಮುಗಿಸಿದವರು ಇಬ್ಬರು, ಅವರಲ್ಲಿ ಅವನೊಬ್ಬ. ಎರಡನೆಯದರಲ್ಲಿ ಓಡಿಬಂದು ಹಾರಿ ಹಿಡಿಯಬೇಕಿತ್ತು. ಕಲ್ಲಿನ ಮೇಲೆ ಯಾರು ಓಡಿಬಂದು ಹಾರುತ್ತಾರೆ? ಏಳು ಸಲ ಹಾರಿ ಏಳು ಸಲವೂ ಬಿದ್ದ, ಜೋನ್ ಕೂಡ ಸಿಗಲಿಲ್ಲ. ಮೂರನೆಯದರಲ್ಲಿ ಕೊನೆಯ ಸೆಕೆಂಡುಗಳಲ್ಲಿ ಜೋನ್.

ನಾಲ್ಕನೆಯದು ಚಾವಣಿಯಂತೆ ಮುಂದಕ್ಕೆ ಚಾಚಿದ ಗೋಡೆ. ಅಷ್ಟರಲ್ಲಿ ಅವನ ಬೆರಳುಗಳಲ್ಲಿ ಚರ್ಮವೇ ಉಳಿದಿರಲಿಲ್ಲ. ಅಂಚಿನಲ್ಲಿ ನೇತಾಡುತ್ತಿದ್ದವನ ಮೊಣಕೈ ನಡುಗುವುದು ಕಂಡು ಅವಳ ಬಾಯಿಂದ ತಾನಾಗಿ ಬಂತು: "ಬಿಡಬ್ಯಾಡ! ಬಿಡಬ್ಯಾಡೋ!" ಫೋಟೋಗ್ರಾಫರ್ ಕೂಗಬಾರದು, ಕೂಗಿದರೆ ಕ್ಯಾಮೆರಾ ಅಲ್ಲಾಡುತ್ತದೆ. ಅವಳ ಹಿಂದೆ ಕೂತಿದ್ದ ಪುಣೆಯ ಹುಡುಗರು ಅರ್ಥ ಗೊತ್ತಿಲ್ಲದೆ ಅದನ್ನೇ ಹಿಡಿದುಕೊಂಡರು. "ಬಿಡಾಬೇಡಾ, ಬಿಡಾಬೇಡಾ" ಎಂದು ಶೆಡ್ಡಿನ ತಗಡು ನಡುಗುವ ಹಾಗೆ. ಹುಡುಗನಿಗೆ ಮೇಲೆ ನಗು ಬಂತು. ನಕ್ಕರೆ ಹಿಡಿತ ಸಡಿಲ, ಬಿದ್ದ. ಐದನೆಯ ಸ್ಥಾನ. ಗೆದ್ದದ್ದು ದಿಲ್ಲಿಯ ಹದಿನಾರರ ಹುಡುಗ, ಅದೂ ಆರಾಮಾಗಿ.

ರಾತ್ರಿ ಶೆಡ್ಡಿನಲ್ಲೇ ಫೋಟೋ ನೋಡುವಾಗ ಹುಡುಗ ಕೇಳಿದ್ದು ಒಂದೇ. "ಅಕ್ಕಾ, ಮುಖ ಕಾಣೋದು ಒಂದು ಕೊಡ್ರಿ. ಬೆನ್ನು ಕಳಿಸಿದ್ರ ನಮ್ಮವ್ವ ಇದು ನೀನಲ್ಲ ಅಂತಾಳ." ಸ್ಲ್ಯಾಬಿನ ಫ್ರೇಮೊಂದು ಸಿಕ್ಕಿತು. ಗೋಡೆಗೆ ಒರಗಿದ ಕೆನ್ನೆ, ತನ್ನ ಪಾದವನ್ನೇ ನೋಡುತ್ತಿರುವ ಕಣ್ಣು. ಹಿಂದೆ, ಮಸುಕಾಗಿ, ಉದ್ದ ಕೋಲಿನ ತುದಿಗೆ ಬ್ರಷ್ ಕಟ್ಟಿಕೊಂಡು ಒಬ್ಬ ನಿಂತಿದ್ದಾನೆ. ಒಬ್ಬ ಹತ್ತಿಳಿದ ಮೇಲೆ ಹೋಲ್ಡಿಗೆ ಮೆತ್ತಿದ ಚಾಕ್ ಉಜ್ಜಿ ತೆಗೆಯದಿದ್ದರೆ ಮುಂದಿನವನ ಕೈ ಜಾರುತ್ತದೆ, ಅದಕ್ಕೆಂದು ಸ್ವಯಂಸೇವಕರಿರುತ್ತಾರೆ. ಮಸುಕಿನಲ್ಲೂ ಆ ಬೆರಳಿನ ಬಿಳಿ ಟೇಪು ಗೊತ್ತಾಗುತ್ತದೆ. ಮೇಷ್ಟ್ರು ನಾಲ್ಕೂ ಪ್ರಾಬ್ಲಂಗೆ ಬ್ರಷ್ ಹಿಡಿದಿದ್ದ. ಅವಳ ಕಡೆ ಮಾತ್ರ ಒಮ್ಮೆಯೂ ತಿರುಗಲಿಲ್ಲ.

ನಡುರಾತ್ರಿಯ ರೈಲಿಗೆ ಹುಡುಗನನ್ನು ಬಿಟ್ಟು ಬಂದದ್ದು ಅವಳೇ. ಪ್ಲಾಟ್‌ಫಾರ್ಮಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲೂ ಅವನ ಬೆರಳಿಗೆ ಆಗುತ್ತಿರಲಿಲ್ಲ, ಅವಳು ತೆಗೆದುಕೊಟ್ಟಳು. ತನ್ನನ್ನು ಯಾಕೆ ಕರೆದರೆಂದು ಅವನಿಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿರುವಷ್ಟೇ. ಆಯೋಜಕರಿಗೆ ಕೊಟ್ಟ ಫೋಲ್ಡರಿನಲ್ಲಿ ಅವಳು ಆ ಮೂರು ಫ್ರೇಮು ಹಾಕಲಿಲ್ಲ. ಅಳಿಸಿಯೂ ಇಲ್ಲ.

ಹನ್ನೊಂದು ದಿನ ಮೇಷ್ಟ್ರಿಂದ ಫೋನಿಲ್ಲ, ಮೆಸೇಜಿಲ್ಲ. ಬುಧವಾರ ಸಂಜೆಗಳಲ್ಲಿ ಇಬ್ಬರೂ ಸೇರಿ ಹತ್ತುವ ರೂಢಿ, ಅವಳು ಎರಡು ಬುಧವಾರ ಒಬ್ಬಳೇ ಹತ್ತಿ ಬಂದಳು. ಹನ್ನೆರಡನೆಯ ದಿನ ಆನೆಗೊಂದಿಯಿಂದ ದನಿಸಂದೇಶ ಬಂತು, ಹಿಂದುಗಡೆ ಕೋಳಿ ಕೂಗುತ್ತಿತ್ತು. "ಅಕ್ಕಾ, ಫೋಟೋ ಅವ್ವಗ ತೋರಿಸಿದೆ. ಮುಖ ಭಾಳ ಸೊರಗೈತಿ ಅಂದ್ಲು. ಆ ಅಣ್ಣನ ಬೆರಳು ಈಗ ಹೆಂಗೈತ್ರಿ? ಕೇಳಿದೆ ಅಂತ ಹೇಳ್ರಿ."

ಅವಳು ಅದನ್ನು ಮರಾಠಿಗೆ ತಂದು, ತನ್ನದೇನೂ ಸೇರಿಸದೆ, ಮೇಷ್ಟ್ರಿಗೆ ಕಳಿಸಿದಳು. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ, ಆಫೀಸಿನ ಕ್ಯಾಂಟೀನಿನಲ್ಲಿ ಅವಳು ತಟ್ಟೆ ಹಿಡಿದು ನಿಂತಿರುವಾಗ ಬಂತು.

"ಇನ್ನೂ ಸ್ವಲ್ಪ ನೋವಿದೆ ಅಂತ ಹೇಳು."